ಚೂಟಿಗೆ ಬಡ್ತಿ

ಜೂನ್ ೧೪

ಅಕ್ಕನವರಿಗೆ ನಮಸ್ಕಾರಗಳು.

ನೀವು ನನ್ನನ್ನು ಕಂಡಿಲ್ಲ. ನಾನು ನಿಮ್ಮನ್ನು ಕಂಡಿದ್ದೇನೆ, ವಿಶ್ವವಿದ್ಯಾಲಯದ ಮಾರ್ಕೆಟಿಂಗ್ ವಿಭಾಗದ ಪರಿಚಯ ಪುಸ್ತಿಕೆಯ ಏಳನೇ ಪುಟದಲ್ಲಿ. ‘ನಮ್ಮ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ?’ ಎಂಬ ತಲೆಬರಹದ ಕೆಳಗೆ ಆರು ಫೋಟೋಗಳಿವೆ. ಐದು ಜನ ಪಾಸ್‌ಪೋರ್ಟಿಗೆ ಕೂತವರಂತೆ ಬಿಗಿದುಕೊಂಡಿದ್ದಾರೆ. ನೀವೊಬ್ಬರು ಮಾತ್ರ ನಗು ತಡೆಯಲು ಹೋಗಿ ಸೋತಿದ್ದೀರಿ. ಕೆಳಗೆ ‘ಏರಿಯಾ ಮ್ಯಾನೇಜರ್, ಸಾಬೂನು ಕಂಪನಿ’ ಎಂದಿದೆ. ವಿಭಾಗದ ಗುಮಾಸ್ತರನ್ನು ಕಾಡಿ ಬೇಡಿ ನಿಮ್ಮ ಮನೆ ವಿಳಾಸ ಪಡೆದೆ. ತಪ್ಪು ತಿಳಿಯಬೇಡಿ.

ನನಗೆ ಅದೇ ವಿಭಾಗದಲ್ಲಿ ಎರಡು ವರ್ಷದ ಕೋರ್ಸಿಗೆ ಸೀಟು ಸಿಕ್ಕಿದೆ. ನಮ್ಮಪ್ಪ ಬಸ್ ಡಿಪೋದಲ್ಲಿ ಬ್ರೇಕ್ ಮೇಸ್ತ್ರಿ. ಅಲ್ಲಿಯ ಕಚೇರಿಯಲ್ಲಿ ನನಗೊಂದು ಗುಮಾಸ್ತೆ ಕೆಲಸ ಕೊಡುತ್ತೇವೆಂದು ಮ್ಯಾನೇಜರರು ಮಾತು ಕೊಟ್ಟಿದ್ದಾರೆ. ತಿಂಗಳ ಕೊನೆಯೊಳಗೆ ಎರಡರಲ್ಲಿ ಒಂದನ್ನು ಆರಿಸಬೇಕು. “ಡಾಕ್ಟರ್ ಓದಿದ್ರೆ ಡಾಕ್ಟರ್ ಆಗ್ತಾರೆ. ಇದನ್ನ ಓದಿದ್ರೆ ಏನಾಗ್ತಾರೆ ಹೇಳು, ನೋಡೋಣ” ಅಂತಾರೆ ಅಪ್ಪ. ಪುಸ್ತಿಕೆಯಲ್ಲಿ ‘ವಿಪುಲ ಅವಕಾಶಗಳು’ ಎಂದು ಬರೆದಿದ್ದಾರೆ. ಆ ಮಾತನ್ನು ಅಪ್ಪನ ಮುಂದೆ ಹೇಳಿದರೆ ಸ್ಪ್ಯಾನರ್ ಕೆಳಗಿಟ್ಟು ನಗುತ್ತಾರೆ.

ನೀವು ಅಲ್ಲಿ ಓದಿದವರು, ಕೆಲಸದಲ್ಲಿರುವವರು. ನಿಜ ಹೇಳಿ ಅಕ್ಕ. ಏನು ಕೆಲಸ ಸಿಗುತ್ತದೆ? ಸೇರಲೇ, ಬೇಡವೇ? ನೀವು ಹೇಳಿದ ಹಾಗೆ ಮಾಡುತ್ತೇನೆ.

ನಿಮ್ಮ ಉತ್ತರ ಕಾಯುವ
ಬ್ರೇಕ್ ಮೇಸ್ತ್ರಿ ಮಗಳು

*

ಜೂನ್ ೧೯

ಚೂಟಿ,

ನಿನಗೊಂದು ಪತ್ರ ಬಂದಿದೆ. ಅಂಚೆಯವನು ಹೊಸಬ. “ಮಗಳು ಊರಿಗೆ ಬಂದಿದಾಳಾ ಅಮ್ಮ?” ಎಂದು ಕೇಳಿದ. “ಬರ್ತಾಳೆ” ಅಂದುಬಿಟ್ಟೆ.

ನನಗೇನೂ ತಲೆ ಕೆಟ್ಟಿಲ್ಲ ಕಣೇ. ನೀನು ಸತ್ತು ನಾಲ್ಕು ವರ್ಷವಾಯಿತು ಎಂಬುದು ಚೆನ್ನಾಗಿ ಗೊತ್ತಿದೆ. ಮೂರು ದಿನದ ಜ್ವರ, ಆಸ್ಪತ್ರೆಯ ಕಿಟಕಿ ಪಕ್ಕದ ಹಾಸಿಗೆ, ಮೇ ತಿಂಗಳ ಆ ಸೋಮವಾರ, ಯಾವುದೂ ಮರೆತಿಲ್ಲ. ನೀನು ಹೋದ ಹದಿನೇಳನೇ ದಿನ ಸಾಬೂನು ಕಂಪನಿಯಿಂದ ಕೆಲಸದ ಆದೇಶ ಬಂತು. ಎರಡು ಪುಟ. ಮೊದಲ ಪುಟದಲ್ಲಿ ನಿನ್ನ ಹೆಸರು, ‘ಟ್ರೈನಿ’ ಎಂಬ ಹುದ್ದೆ. ಎರಡನೇ ಪುಟದಲ್ಲಿ ಮುಂದೆ ಏರಬೇಕಾದ ಮೆಟ್ಟಿಲುಗಳು. ಒಂದು ವರ್ಷದ ನಂತರ ಸೇಲ್ಸ್ ಆಫೀಸರ್, ಆಮೇಲೆ ಏರಿಯಾ ಮ್ಯಾನೇಜರ್, ಆಮೇಲೆ ಬ್ರ್ಯಾಂಡ್ ಮ್ಯಾನೇಜರ್.

ಅದೇ ಜುಲೈನಲ್ಲಿ ನಿನ್ನ ವಿಭಾಗದ ಫಾರಂ ಬಂತು. ‘ಈಗ ಎಲ್ಲಿದ್ದೀರಿ?’ ಮೂರು ಚೌಕಗಳಿದ್ದವು. ಉದ್ಯೋಗದಲ್ಲಿದ್ದೇನೆ, ಹುಡುಕುತ್ತಿದ್ದೇನೆ, ಮುಂದೆ ಓದುತ್ತಿದ್ದೇನೆ. ನೀನಿರುವ ಕಡೆಗೆ ಚೌಕವೇ ಇರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಪೆನ್ನು ಹಿಡಿದು ಒಂದು ಭಾನುವಾರವಿಡೀ ಕೂತೆ. ನೀನು ಹುಡುಕುತ್ತಿದ್ದೀಯ ಎಂದು ಬರೆಯಲು ಮನಸ್ಸು ಬರಲಿಲ್ಲ. ಕೆಲಸ ಸಿಕ್ಕಿತ್ತಲ್ಲ! ಮೊದಲನೇ ಚೌಕಕ್ಕೆ ಗುರುತು ಹಾಕಿದೆ.

ಅಲ್ಲಿಂದ ಶುರುವಾಯಿತು. ಮರುವರ್ಷ ಸೇಲ್ಸ್ ಆಫೀಸರ್ ಮಾಡಿದೆ. ಅದರ ಮರುವರ್ಷ ಸಾಬೂನಿನ ಮಾರಾಟ ಇಳಿದಿದೆಯೆಂದು ಪತ್ರಿಕೆಯಲ್ಲಿ ಓದಿ ನಿನಗೆ ಬಡ್ತಿ ಕೊಡಲಿಲ್ಲ. ಮಗಳೆಂದು ದಾಕ್ಷಿಣ್ಯ ಮಾಡಲಿಲ್ಲ, ನೋಡು. ಹೋದ ಜುಲೈನಲ್ಲಿ ನೀನು ಏರಿಯಾ ಮ್ಯಾನೇಜರ್ ಆದೆ. ಒಂದು ಮೆಟ್ಟಿಲನ್ನೂ ಹಾರಿಸಿಲ್ಲ. ಅವರು ನಿನ್ನ ಫೋಟೋ ಅಚ್ಚು ಹಾಕುತ್ತಾರೆಂದು ಮಾತ್ರ ಗೊತ್ತಿರಲಿಲ್ಲ.

ಈಗ ಯಾರೋ ಹುಡುಗಿ ನಿನ್ನನ್ನು ದಾರಿ ಕೇಳುತ್ತಿದ್ದಾಳೆ. ನಾಳೆ ನಿಜ ಬರೆದು ಕಳಿಸುತ್ತೇನೆ. ಈ ಪತ್ರವನ್ನು ಎಂದಿನಂತೆ ನಿನ್ನ ಬೂಟಿನ ಡಬ್ಬಿಯಲ್ಲಿಡುತ್ತೇನೆ.

ನಿನ್ನ
ಅಮ್ಮ

*

ಜೂನ್ ೨೨

ಪ್ರೀತಿಯ ತಂಗಿ,

ನಿನ್ನ ಪತ್ರ ತಲುಪಿತು. ನಾನು ಕೆಲಸದ ಮೇಲೆ ಊರೂರು ಸುತ್ತುತ್ತಿರುತ್ತೇನೆ. ಮನೆ ವಿಳಾಸಕ್ಕೇ ಬರೆ. ಅಮ್ಮ ತಲುಪಿಸುತ್ತಾಳೆ.

ವಿಪುಲ ಅವಕಾಶಗಳ ವಿಷಯ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ನನ್ನ ಅಮ್ಮ ಚಪ್ಪಲಿ ಅಂಗಡಿಯಲ್ಲಿ ಮಾರುವವಳು, ಇಪ್ಪತ್ತಾರು ವರ್ಷದಿಂದ. ನಾನು ಪಾಠ ಕಲಿತದ್ದು ಅಲ್ಲೇ. ಗಿರಾಕಿ ಬಾಗಿಲು ದಾಟಿದಾಗ ಮುಖ ನೋಡಬಾರದು. ಹಳೇ ಚಪ್ಪಲಿಯ ಹಿಮ್ಮಡಿ ನೋಡಬೇಕು. ಯಾವ ಕಡೆ ಸವೆದಿದೆ, ಎಷ್ಟು ಸಲ ಹೊಲಿಸಿದ್ದಾರೆ, ಅದೆಲ್ಲ ಅಲ್ಲಿ ಬರೆದಿರುತ್ತದೆ. “ಸ್ವಲ್ಪ ಬಿಗಿ” ಎನ್ನುವವರು ಹೆಬ್ಬೆರಳು ಒತ್ತಿ ನೋಡಿದರೆ ನಿಜಕ್ಕೂ ಬಿಗಿ ಇದೆ. ಅಡಿ ತಿರುಗಿಸಿ ಚೀಟಿ ನೋಡಿದರೆ ಬೆಲೆ ಬಿಗಿ. ಕಾಲಿನ ಅಳತೆಯನ್ನು ಸಂಜೆ ತೆಗೆದುಕೊಳ್ಳಬೇಕು, ಬೆಳಗ್ಗೆ ಎಲ್ಲರ ಕಾಲೂ ಚಿಕ್ಕದು. ಮೂರು ಡಬ್ಬಿಗಿಂತ ಹೆಚ್ಚು ತೋರಿಸಬಾರದು. ನಾಲ್ಕನೇ ಡಬ್ಬಿ ತರಲು ಹೋದರೆ ತಿರುಗಿ ಬರುವಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಾನೆ.

ಇದನ್ನೆಲ್ಲ ಓದಿ ನಿನಗೆ ಆಕಳಿಕೆ ಬಂದಿದ್ದರೆ ಡಿಪೋ ಕಚೇರಿಗೆ ಹೋಗು. ಅದೂ ಮರ್ಯಾದೆಯ ಕೆಲಸವೇ. ಇನ್ನೂ ಸ್ವಲ್ಪ ಹೇಳಲಿ ಅನ್ನಿಸಿದ್ದರೆ ಸೇರಿಕೊ.

ನಿನ್ನ ಅಪ್ಪನಿಗೆ ಹೇಳು, ಇದನ್ನು ಓದಿದವರು ಜನರ ಕಾಲ ಬುಡದಲ್ಲಿ ಕೂತು ಅವರಿಗೆ ಎಲ್ಲಿ ಕಚ್ಚುತ್ತಿದೆ ಎಂದು ಕೇಳುವವರಾಗುತ್ತಾರೆ ಅಂತ.

ಇಂತು ನಿನ್ನ
ಅಕ್ಕ

*

ಆಗಸ್ಟ್ ೨೮

ಅಕ್ಕ,

ಸೇರಿಬಿಟ್ಟೆ! ಅಪ್ಪ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ನಿಮ್ಮ ಪತ್ರವನ್ನು ನನಗೆ ಗೊತ್ತಾಗದಂತೆ ತೆಗೆದು ಓದಿದ್ದಾರೆ, ಅಂಚಿನಲ್ಲಿ ಗ್ರೀಸಿನ ಬೆರಳಚ್ಚಿದೆ. ಓದಿ, “ಈ ಹೆಣ್ಣುಮಗಳಿಗೆ ಕೆಲಸ ಗೊತ್ತು ಕಣೇ” ಅಂದರಂತೆ ಅಮ್ಮನ ಹತ್ತಿರ.

ಹೋದ ವಾರ ನಮ್ಮ ಪ್ರೊಫೆಸರ್ ಒಂದಿಡೀ ದಿನ ಯಾವುದಾದರೂ ಅಂಗಡಿಯೆದುರು ನಿಂತು ನೋಡಿ ಬರೆದು ತನ್ನಿ ಎಂದರು. ಎಲ್ಲರೂ ದೊಡ್ಡ ಮಾಲ್‌ಗೆ ಹೋದರು. ನಾನು ಪಾತ್ರೆ ಅಂಗಡಿಯೆದುರು ನಿಂತೆ. ನೀವು ಹೇಳಿದ್ದು ಅಲ್ಲಿಯೂ ನಿಜ. ನಾಲ್ಕನೇ ಪಾತ್ರೆ ತೆಗೆಯಲು ಏಣಿ ಹತ್ತಿದಾಗೆಲ್ಲ ಗಿರಾಕಿ ಮಾಯ. ಲೆಕ್ಕ ಹಾಕಿ ಬರೆದುಕೊಟ್ಟೆ. “ಇದನ್ನ ಯಾವ ಪುಸ್ತಕದಲ್ಲಿ ಓದಿದೆ?” ಎಂದು ಕೇಳಿದರು. “ನಮ್ಮಕ್ಕ ಹೇಳಿದ್ದು ಸರ್” ಅಂದೆ.

ಕಾಲಿನ ವಿಷಯ ಬಂತಲ್ಲ, ನನ್ನದೊಂದು ಗೋಳಿದೆ. ಚಿಕ್ಕವಳಿದ್ದಾಗ ಅಪ್ಪನ ಜ್ಯಾಕ್ ಬಿದ್ದು ನನ್ನ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ಬಲಗಾಲಿಗೆ ಐದನೇ ನಂಬರ್ ಲಕ್ಷಣವಾಗಿ ಕೂರುತ್ತದೆ, ಎಡಗಾಲಿಗೆ ಯಾವುದೂ ಬಿಗಿ. ನಿಮ್ಮ ಅಮ್ಮನನ್ನು ಕೇಳಿ, ಇದಕ್ಕೇನಾದರೂ ಉಪಾಯವಿದೆಯೇ?

ನಿಮ್ಮ
ಮೇಸ್ತ್ರಿ ಮಗಳು

*

ನವೆಂಬರ್ ೩

ಚೂಟಿ,

ಅವಳ ಮೂರು ಪತ್ರಗಳಾದವು, ನನ್ನವೂ ಮೂರು. ನಿಜ ಬರೆಯುತ್ತೇನೆ ಎಂದು ಪ್ರತಿ ಸಲ ಕೂರುತ್ತೇನೆ. ‘ಪ್ರೀತಿಯ ತಂಗಿ’ ಎಂದು ಬರೆದ ಮೇಲೆ ಕೈ ತಾನಾಗಿ ಓಡುತ್ತದೆ. ಮೊನ್ನೆ ನೋಡಿದರೆ ನನ್ನ ಅಕ್ಷರ ನಿನ್ನ ಅಕ್ಷರದ ಹಾಗೆ ಬಲಕ್ಕೆ ವಾಲಿದೆ. ನಿನ್ನ ನೋಟ್‌ಪುಸ್ತಕದ ಪಕ್ಕ ಹಿಡಿದು ನೋಡಿದೆ. ಹೆದರಿಕೆಯಾಯಿತು. ಸಂತೋಷವೂ ಆಯಿತು. ಯಾಕೆ ಸುಳ್ಳು ಹೇಳಲಿ?

ಆ ಪುಸ್ತಿಕೆ ನಮ್ಮ ಬೀದಿಗೂ ಬಂದಿದೆ. ಅಂಗಡಿಯ ಯಜಮಾನರ ಸೊಸೆ ನಿನ್ನ ಪುಟ ತೋರಿಸಿ, “ಆಂಟಿ, ಇದು ನಿಮ್ಮ ಮಗಳಲ್ವಾ?” ಎಂದಳು. ಅವಳು ಆ ಮನೆಗೆ ಬಂದು ಎರಡೇ ವರ್ಷ, ಪಾಪ, ಏನೂ ಗೊತ್ತಿಲ್ಲ. ಯಜಮಾನರಿಗೆ ಎಲ್ಲ ಗೊತ್ತು. ಅವರು ಪುಟ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ಒರೆಸುತ್ತ ಒಳಗೆ ಹೋದರು. ಅಂದಿನಿಂದ ನನ್ನನ್ನು ಯಾರೂ ಏನೂ ಕೇಳುತ್ತಿಲ್ಲ. ಟೀ ಮಾತ್ರ ಸರಿಯಾದ ಹೊತ್ತಿಗೆ ಬರುತ್ತದೆ.

ನಿನ್ನ ಸಂದರ್ಶನಕ್ಕೆಂದು ನಮ್ಮ ಅಂಗಡಿಯಿಂದಲೇ ತಂದ ಕಪ್ಪು ಬೂಟು ನೆನಪಿದೆಯಲ್ಲ? ಸಡಿಲವಾಗಲಿ ಎಂದು ನೀನು ಎರಡು ಸಂಜೆ ಮನೆಯೊಳಗೆ ಹಾಕಿಕೊಂಡು ಅಡುಗೆಮನೆಯಿಂದ ಕೋಣೆಗೆ, ಕೋಣೆಯಿಂದ ಅಡುಗೆಮನೆಗೆ ಟಕ್ ಟಕ್ ಎಂದು ನಡೆದಿದ್ದೆ. “ಮ್ಯಾನೇಜರ್ ಬಂದ್ರು, ಎದ್ದು ನಿಲ್ಲು” ಅಂದಿದ್ದೆ ನನಗೆ. ಅವಳಿಗೆ ಪತ್ರ ಬರೆಯಲು ಕೂತಾಗ ಆ ಸದ್ದು ಕೇಳುತ್ತದೆ ಚೂಟಿ. ನಾನು ತಿರುಗಿ ನೋಡುವುದಿಲ್ಲ. ನೋಡಿದರೆ ನಿಂತುಹೋಗುತ್ತದೆ.

ಅಮ್ಮ

*

ಫೆಬ್ರವರಿ ೧೦

ಅಕ್ಕ,

ಮನಸ್ಸು ಕೆಟ್ಟಿದೆ. ನಮ್ಮ ಹಿರಿಯ ಬ್ಯಾಚಿನವರಿಗೆ ಕೆಲಸ ಸಿಗುವ ಕಾಲವಿದು. ಒಬ್ಬರಿಗೆ ಫೋನಿನಲ್ಲಿ ಸಾಲದ ಕಾರ್ಡು ಮಾರುವ ಕೆಲಸ, ದಿನಕ್ಕೆ ಇನ್ನೂರು ಬೈಗುಳ ತಿನ್ನುತ್ತಾರಂತೆ. ಇನ್ನೊಬ್ಬರು ಮಾಲ್‌ನಲ್ಲಿ ಟೂತ್‌ಪೇಸ್ಟ್ ಟ್ಯೂಬಿನ ವೇಷ ಹಾಕಿ ಮಕ್ಕಳ ಕೈಕುಲುಕುತ್ತಿದ್ದಾರೆ. ಮೊದಲ ರ್‍ಯಾಂಕ್ ಬಂದವರು! ಟ್ಯೂಬಿನೊಳಗಿಂದ ನನ್ನನ್ನು ಗುರುತಿಸಿ, “ಪ್ರೊಫೆಸರ್‌ಗೆ ಹೇಳ್ಬೇಡ” ಅಂದರು. ಉಳಿದವರು ಕಾಯುತ್ತಿದ್ದಾರೆ.

ಡಿಪೋದಲ್ಲಿ ಮಾರ್ಚ್ ಕೊನೆಗೆ ಇನ್ನೊಂದು ಸ್ಥಾನ ಖಾಲಿಯಾಗುತ್ತದೆ. “ಇದೇ ಕೊನೆ, ಆಮೇಲೆ ನನ್ನ ಮಾತು ಅಲ್ಲಿ ನಡೆಯಲ್ಲ” ಅಂದಿದ್ದಾರೆ ಅಪ್ಪ. ಬಿಟ್ಟು ಬರಲೇ ಅಕ್ಕ? ನಿಮಗೆ ಮೊದಲ ದಿನ ಹೇಗಿತ್ತು? ಭಯವಾಗಿತ್ತೇ? ನಿಮ್ಮೊಬ್ಬರ ಮಾತು ನಂಬುತ್ತೇನೆ. ಬೇಗ ಬರೆಯಿರಿ.

ನಿಮ್ಮ ತಂಗಿ

*

ಫೆಬ್ರವರಿ ೧೫

ಪ್ರೀತಿಯ ತಂಗಿ,

ಮೊದಲ ದಿನ ಕೇಳಿದೆಯಲ್ಲ, ಹೇಳುತ್ತೇನೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕಚೇರಿಯ ಬಾಗಿಲಲ್ಲೇ ಸಾಬೂನಿನ ವಾಸನೆ. ಇಡೀ ಕಟ್ಟಡಕ್ಕೆ ಈಗಷ್ಟೇ ಸ್ನಾನ ಮಾಡಿಸಿದ ಹಾಗಿತ್ತು. ನನ್ನ ಹೆಸರನ್ನು ಒಬ್ಬರು ತಪ್ಪಾಗಿ ಕರೆದರು, ಇನ್ನೊಬ್ಬರು ಸರಿಪಡಿಸಿದರು. ಒಂದು ಮೇಜು, ಒಂದು ಕುರ್ಚಿ, ಕುರ್ಚಿಯ ಒಂದು ಕಾಲು ಗಿಡ್ಡ. ಕಾಗದ ಮಡಿಸಿ ಅಡಿಗೆ ಕೊಟ್ಟೆ. ಮಧ್ಯಾಹ್ನ ಅಂಗಡಿಗಳಿಗೆ ಕಳಿಸಿದರು. ಮೂರು ಅಂಗಡಿಯವರು ಮುಖ ಕೊಟ್ಟು ಮಾತಾಡಲಿಲ್ಲ. ನಾಲ್ಕನೆಯವಳು ಒಬ್ಬ ಮುದುಕಿ. ಕೂರು ಅಂದಳು, ನೀರು ಕೊಟ್ಟಳು. ನಿಮ್ಮ ಸಾಬೂನು ಒದ್ದೆ ಕೈಯಿಂದ ಜಾರುತ್ತದೆ, ಮುದುಕರಿಗೆ ಬಗ್ಗಿ ಎತ್ತಲು ಆಗುವುದಿಲ್ಲ, ಹೋಗಿ ನಿಮ್ಮ ದೊಡ್ಡವರಿಗೆ ಹೇಳು ಅಂದಳು. ಬರೆದುಕೊಂಡೆ. ಸಂಜೆ ಮನೆಗೆ ಬಂದಾಗ ಹೊಸ ಬೂಟು ಹಿಮ್ಮಡಿ ಕಚ್ಚಿತ್ತು. ಅಮ್ಮ ಬಿಸಿನೀರಿನಲ್ಲಿ ನನ್ನ ಕಾಲಿಟ್ಟು, “ಹೇಗಿತ್ತೇ?” ಅಂದಳು. “ಚೆನ್ನಾಗಿತ್ತಮ್ಮ. ನಾಳೆನೂ ಹೋಗ್ತೀನಿ” ಅಂದೆ.

ಭಯವಿತ್ತು. ಆದರೂ ನಾಳೆ ಎಂಬುದೊಂದು ಇತ್ತು. ಟ್ಯೂಬಿನ ವೇಷದವರಿಗೂ ಇದೆ, ನಿನಗೂ ಇದೆ. ಬಿಡಬೇಡ.

ನಿನ್ನ
ಅಕ್ಕ

*

ಮೇ ೨೪

ಅಕ್ಕಾ!

ಬಿಡಲಿಲ್ಲ. ಡಿಪೋದವರಿಗೆ ಬೇಡ ಎಂದುಬಿಟ್ಟೆ. ಈಗ ಕೇಳಿ. ಬೇಸಿಗೆಯ ಎರಡು ತಿಂಗಳ ಇಂಟರ್ನ್‌ಶಿಪ್ ನಿಮ್ಮ ಕಂಪನಿಯಲ್ಲೇ ಸಿಕ್ಕಿದೆ! ನೂರಾ ಹತ್ತು ಜನರಲ್ಲಿ ಇಬ್ಬರನ್ನು ಆರಿಸಿದ್ದಾರೆ. ಸಂದರ್ಶನದಲ್ಲಿ ಜಾರುವ ಸಾಬೂನಿನ ಮಾತು ಹೇಳಿದೆ, ಮೂವರೂ ಪೆನ್ನು ಎತ್ತಿಕೊಂಡರು. ನಿಮ್ಮ ಹೆಸರು ಹೇಳಲಿಲ್ಲ, ಶಿಫಾರಸು ಎಂದುಕೊಂಡಾರು ಅಂತ. ಜೂನ್ ಎರಡು, ಸೋಮವಾರ ಬರುತ್ತೇನೆ. ನೀವು ಊರಲ್ಲಿರುತ್ತೀರಿ ತಾನೇ? ಕೊನೆಗೂ ನೋಡುತ್ತೇನೆ!

ತಂಗಿ

*

ಮೇ ೨೯

ಚೂಟಿ,

ಸೋಮವಾರ ಅವಳು ನಿನ್ನ ಕಚೇರಿಗೆ ಬರುತ್ತಾಳೆ. ನಾನೇನು ಮಾಡಲಿ?

ಬೇರೆ ಊರಿಗೆ ವರ್ಗವಾಯಿತು ಎಂದು ಬರೆದೆ, ಹರಿದೆ. ಕಂಪನಿ ಬಿಟ್ಟೆ ಎಂದು ಬರೆದೆ, ಅದನ್ನೂ ಹರಿದೆ. ತೀರಿಕೊಂಡಳು ಎಂದು ಬರೆಯಲು ಹೋದೆ. ಮೊದಲ ಅಕ್ಷರ ಮೂಡಿತು, ಮುಂದೆ ಆಗಲಿಲ್ಲ. ಒಮ್ಮೆ ಕಳೆದುಕೊಂಡವಳನ್ನು ನನ್ನ ಕೈಯಾರೆ ಇನ್ನೊಮ್ಮೆ ಕಳೆದುಕೊಳ್ಳಬೇಕಲ್ಲ.

ಅಂಗಡಿಯಲ್ಲಿ ಇಂದು ಒಬ್ಬರಿಗೆ ಎರಡೂ ಎಡಗಾಲಿನ ಚಪ್ಪಲಿ ಕಟ್ಟಿಕೊಟ್ಟೆ. ಯಜಮಾನರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೇಳಲು ನಾಚಿಕೆಯಾಗುತ್ತದೆ. ಮಧ್ಯಾಹ್ನ ಒಂದು ಗಳಿಗೆ, ನೀನೇ ಏನಾದರೂ ಮಾಡುತ್ತೀಯ ಅನ್ನಿಸಿತು. ಸೋಮವಾರ ಹೇಗಾದರೂ ಆ ಗಿಡ್ಡ ಕಾಲಿನ ಕುರ್ಚಿಯಲ್ಲಿ ಬಂದು ಕೂತಿರುತ್ತೀಯ, ಅವಳು ಒಳಗೆ ಬಂದಾಗ ತಲೆ ಎತ್ತಿ ನಗುತ್ತೀಯ ಅನ್ನಿಸಿತು. ಅಷ್ಟು ಖಚಿತವಾಗಿ ಕಂಡಿತು, ನಾನು ಕೌಂಟರಿನ ಹಿಂದೆ ನಿಂತು ನಕ್ಕೆ.

ಒಂದು ಸಲ ಹೋಗಿ ಬರಬಾರದೇನೇ?

ಅಮ್ಮ

*

ಜೂನ್ ೫

ಏನೆಂದು ಕರೆದು ಬರೆಯಲಿ, ಗೊತ್ತಾಗುತ್ತಿಲ್ಲ.

ಸೋಮವಾರ ಸ್ವಾಗತದ ಮೇಜಿನಲ್ಲಿ ಏರಿಯಾ ಮ್ಯಾನೇಜರನ್ನು ನೋಡಬೇಕು ಎಂದೆ. ಆಕೆ ನಕ್ಕಳು. “ಆ ಪೋಸ್ಟ್ ತೆಗೆದುಹಾಕಿ ಮೂರು ವರ್ಷ ಆಯ್ತಲ್ಲ. ಸೇಲ್ಸ್ ಆಫೀಸರೂ ಇಲ್ಲ ಈಗ. ಎಲ್ಲ ಏಜೆನ್ಸಿಯವರೇ.” ಹೆಸರು ಹೇಳಿದೆ. ಪಟ್ಟಿಯಲ್ಲಿ ಇರಲಿಲ್ಲ. ನಾನು ಬಿಡಲಿಲ್ಲ, ನೀವು ಹಾಗೆ ಕಲಿಸಿದ್ದೀರಲ್ಲ. ಸಿಬ್ಬಂದಿ ವಿಭಾಗದ ಹಳೇ ಅಟೆಂಡರ್ ಒಬ್ಬರು ಎರಡು ದಿನ ಹುಡುಕಿ ಒಂದು ಕಡತ ತಂದರು. ಐದು ವರ್ಷ ಹಿಂದಿನದು. ಪುಸ್ತಿಕೆಯ ಅದೇ ಫೋಟೋ, ಅದೇ ನಗು. ಅಡ್ಡಲಾಗಿ ಕೆಂಪು ಶಾಯಿಯಲ್ಲಿ, ‘ಆಯ್ಕೆಯಾದವರು. ಹಾಜರಾಗಲಿಲ್ಲ.’

ಹಾಗಾದರೆ ನೀವು ಯಾರು? ಒಂದು ವರ್ಷ ನಾನು ಯಾರಿಗೆ ಬರೆದೆ? ಕಿಟಕಿ ಪಕ್ಕದ ಸೀಟು, ನೀರು ಕೊಟ್ಟ ಮುದುಕಿ, ಬಿಸಿನೀರಿನಲ್ಲಿ ಕಾಲು, ಆ ಪತ್ರವನ್ನು ನಾನು ಬಾಯಿಪಾಠ ಮಾಡಿದ್ದೇನೆ ಗೊತ್ತೇ? ಆ ಪತ್ರ ನಂಬಿ ಡಿಪೋದ ಕೆಲಸ ಬಿಟ್ಟೆ. ಆ ಕುರ್ಚಿಯಲ್ಲಿ ಈಗ ಬೇರೆಯವರು ಕೂತಿದ್ದಾರೆ. ಅಪ್ಪನಿಗೆ ಏನು ಹೇಳಲಿ? ಇಲ್ಲದ ಹುದ್ದೆಯಲ್ಲಿರುವ, ಇಲ್ಲದವರೊಬ್ಬರು ಹೇಳಿದರು ಅಂತಲೇ?

ನನಗೆ ಸಿಟ್ಟಿದೆ. ಅದಕ್ಕಿಂತ ಹೆಚ್ಚು ಭಯವಿದೆ. ಉತ್ತರ ಬರೆಯಿರಿ. ಈ ಸಲ ನಿಮ್ಮ ಹೆಸರಿನಲ್ಲಿ ಬರೆಯಿರಿ.

*

ಜೂನ್ ೯

ಬ್ರೇಕ್ ಮೇಸ್ತ್ರಿಯವರ ಮಗಳಿಗೆ,

ನಾನು ಅವಳ ಅಮ್ಮ. ಅವಳು ಹೋಗಿ ಐದು ವರ್ಷವಾಯಿತು. ಓದು ಮುಗಿದಿತ್ತು, ಸಂದರ್ಶನ ಮುಗಿದಿತ್ತು. ಮೂರು ದಿನದ ಜ್ವರ. ಕೆಲಸದ ಆದೇಶ ತಡವಾಗಿ ಬಂತು. ಅದರ ಎರಡನೇ ಪುಟ ನೋಡಿಕೊಂಡು ವಿಭಾಗದವರು ಕಳಿಸುವ ಫಾರಂನಲ್ಲಿ ಅವಳನ್ನು ಒಂದೊಂದೇ ಮೆಟ್ಟಿಲು ಹತ್ತಿಸಿದೆ. ಏಣಿಯನ್ನೇ ತೆಗೆದಿದ್ದಾರೆಂದು ನನಗೆ ಗೊತ್ತಿರಲಿಲ್ಲ. ನಿನ್ನ ಪತ್ರದಿಂದ ತಿಳಿಯಿತು. ಅವಳು ಬದುಕಿದ್ದರೂ ಆ ಹುದ್ದೆ ಇರುತ್ತಿರಲಿಲ್ಲ ಎಂಬುದನ್ನು ಇನ್ನೂ ನುಂಗುತ್ತಿದ್ದೇನೆ.

ನಾಲ್ಕನೇ ಡಬ್ಬಿ, ಸಂಜೆಯ ಅಳತೆ, ಹಿಮ್ಮಡಿ, ಇವು ನಿಜ. ನನ್ನ ಇಪ್ಪತ್ತೇಳು ವರ್ಷದ ದುಡಿಮೆ. ಜಾರುವ ಸಾಬೂನು ನನ್ನ ಬಚ್ಚಲಿನದು, ನೀರು ಕೊಟ್ಟ ಮುದುಕಿ ಇಲ್ಲ. ಮೊದಲ ದಿನ ಎಂಬುದೂ ಇಲ್ಲ. ಅದನ್ನು ನಿನಗಾಗಿ ಬರೆದೆನೆಂದರೆ ಇನ್ನೊಂದು ಸುಳ್ಳಾಗುತ್ತದೆ. ಅವಳು ಸಂಜೆ ಮನೆಗೆ ಬರುವುದನ್ನು ಒಮ್ಮೆ ನೋಡಬೇಕಿತ್ತು, ಅದಕ್ಕೆ ಬರೆದೆ. ನಿನ್ನ ಬದುಕು ಅದರ ಅಡಿ ಸಿಕ್ಕಿಕೊಂಡಿದೆ ಎಂದು ಗೊತ್ತಿದ್ದೂ ಬರೆದೆ. ತಪ್ಪು ನನ್ನದು. ನಿನ್ನ ತಂದೆಯವರಿಗೆ ಈ ಪತ್ರ ತೋರಿಸು.

ನಿನ್ನ ಮೊದಲ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಮಾರ್ಕೆಟಿಂಗ್ ಓದಿದರೆ ಏನು ಕೆಲಸ ಸಿಗುತ್ತದೆಂದು ನನಗೆ ಗೊತ್ತಿಲ್ಲಮ್ಮ. ನನ್ನ ಮಗಳಿಗೆ ಒಂದು ಸಿಕ್ಕಿತ್ತು. ಅಷ್ಟೇ ಗೊತ್ತು.

ಅಂಗಡಿ ಬಸ್ ನಿಲ್ದಾಣದೆದುರು, ದೊಡ್ಡ ಗಡಿಯಾರದ ಕೆಳಗಿದೆ. ಬಂದು ನಾಲ್ಕು ಜನರೆದುರು ಬೈದರೂ ಬೈಸಿಕೊಳ್ಳುತ್ತೇನೆ.

ಚೂಟಿಯ ಅಮ್ಮ

*

ಜುಲೈ ೧೮

ಚೂಟಿ,

ಅವಳು ಬಂದಿದ್ದಳು.

ನನ್ನ ಪತ್ರಕ್ಕೆ ಉತ್ತರ ಬರಲಿಲ್ಲ. ಒಂದು ವಾರ ನೋಡಿ ನಿನ್ನ ಬೂಟಿನ ಡಬ್ಬಿಯನ್ನು ಅಂಗಡಿಗೆ ಒಯ್ದೆ. ಪತ್ರಗಳನ್ನು ಮನೆಯಲ್ಲಿಟ್ಟು ಬೂಟು ಮಾತ್ರ ಒಯ್ದೆ. ಬಂದರೂ ಬರಬಹುದು ಎಂದು ಕೌಂಟರಿನ ಕೆಳಗೆ ಇಟ್ಟುಕೊಂಡಿದ್ದೆ.

ನಿನ್ನೆ ಸಂಜೆ ಆರು ಗಂಟೆಗೆ ಒಬ್ಬ ಹುಡುಗಿ ಬಂದು ಕೂತಳು. ದಿನವೆಲ್ಲ ನಡೆಯುವ ಕೆಲಸ, ಬೂಟು ಬೇಕು ಅಂದಳು. ನಾನು ಅಳತೆಯ ಹಲಗೆ ಹಿಡಿದು ಕೆಳಗೆ ಕೂತೆ. ಎಡಗಾಲಿನ ಕಾಲುಚೀಲ ತೆಗೆದಾಗ, ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ನನ್ನ ಕೈ ನಿಂತಿತು. ತಲೆ ಎತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

“ಏನು ಕೆಲಸ?” ಅಂದೆ.

“ಅಂಗಡಿ ಅಂಗಡಿ ಸುತ್ತಿ, ಸೋಪನ್ನ ಯಾರು ಕೈಗೆತ್ತಿಕೊಳ್ತಾರೆ, ಯಾರು ವಾಪಸ್ ಇಡ್ತಾರೆ ಅಂತ ಬರ್ಕೊಳ್ಳೋದು.”

“ಬಿಡೋ ಯೋಚನೆ ಇಲ್ವಾ?”

“ಇತ್ತು. ಒಂದು ತಿಂಗಳು ಅದೇ ಯೋಚನೆ. ಆಮೇಲೆ ನೋಡ್ತೀನಿ, ಈ ಕೆಲಸ ನನಗೆ ಇಷ್ಟ ಆಗಿಬಿಟ್ಟಿದೆ. ಬೈಯೋಣ ಅಂತ ಬಸ್ಸು ಹತ್ತಿದೆ, ಇಳಿಯೋ ಹೊತ್ತಿಗೆ ಬೂಟು ಬೇಕು ಅನ್ನಿಸ್ತು.”

ಮೊದಲ ಡಬ್ಬಿ ಹಿಡಿಸಲಿಲ್ಲ. ಎರಡನೆಯದೂ ಹಿಡಿಸಲಿಲ್ಲ. ಮೂರನೆಯದು ನಿನ್ನದು. ಅಂಚು ಸವೆದ ಆ ಹಳೇ ಡಬ್ಬಿ ಯಾರದೆಂದು ಅವಳಿಗೆ ತಿಳಿಯಿತು. ಬಲಗಾಲಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು ಚೂಟಿ. ಎದ್ದು ನಾಲ್ಕು ಹೆಜ್ಜೆ ನಡೆದಳು. ಟಕ್ ಟಕ್. ನಾನು ಈ ಸಲ ತಿರುಗಿ ನೋಡಿದೆ. ಸದ್ದು ನಿಲ್ಲಲಿಲ್ಲ. ಆದರೆ ಎಡಗಾಲು ಊರಿದಾಗೆಲ್ಲ ಅವಳ ಕಣ್ಣು ಕಿರಿದಾಗುತ್ತಿತ್ತು.

“ಸರಿಯಾಗಿದೆ ಅಮ್ಮ. ಇದನ್ನೇ ಹಾಕ್ಕೊಂಡು ಹೋಗ್ತೀನಿ.”

“ಬಿಗಿ ಇದೆ. ಬಿಚ್ಚು.”

“ಇಲ್ಲಮ್ಮ, ಎರಡು ದಿನ ಮನೇಲಿ ಹಾಕಿದ್ರೆ ಸಡಿಲ ಆಗುತ್ತೆ.”

“ಆ ಬೆರಳಿಗೆ ಆಗಲ್ಲ. ಬಿಚ್ಚು.”

ಕೊಟ್ಟುಬಿಡಬೇಕೆಂದು ನನಗೆ ಎಷ್ಟು ಆಸೆಯಿತ್ತು ಎಂದು ನಿನಗೆ ಗೊತ್ತು. ಇಪ್ಪತ್ತೇಳು ವರ್ಷದಲ್ಲಿ ಬಿಗಿಯಾದ ಜೋಡನ್ನು ಯಾರಿಗೂ ಕಟ್ಟಿಕೊಟ್ಟಿಲ್ಲ, ಅವಳಿಗೂ ಕೊಡಲಿಲ್ಲ. ನಾನೇ ಬಿಚ್ಚಿ ಡಬ್ಬಿಗೆ ಹಾಕಿದೆ. ಅವಳು ಅತ್ತಳು. ನಾನೂ ಅತ್ತೆ. ಆಮೇಲೆ ಎದ್ದು, ಮುಂಭಾಗ ಅಗಲವಿರುವ ಜೋಡು ಹುಡುಕಲು ಅಟ್ಟಕ್ಕೆ ಏಣಿ ಹಾಕಿದೆ. ನಾಲ್ಕನೇ ಡಬ್ಬಿ. ತಿರುಗಿ ಬಂದಾಗ ಅವಳು ಅಲ್ಲೇ ಕೂತಿದ್ದಳು.

ಹೋಗುವಾಗ, “ಅಪ್ಪ ಹೇಳಿದಾರೆ, ಒಂದು ದಿನ ಮನೆಗೆ ಬರ್ಬೇಕಂತೆ” ಅಂದಳು. ನೋಡೋಣ ಅಂದೆ.

ಈ ವರ್ಷದ ಫಾರಂ ಮೇಜಿನ ಮೇಲಿದೆ. ಅದೇ ಮೂರು ಚೌಕಗಳು. ಕೆಳಗೆ ಸ್ಕೇಲ್ ಇಟ್ಟು ನಾಲ್ಕನೆಯದೊಂದು ಎಳೆದೆ. ಪಕ್ಕದಲ್ಲಿ ‘ತೀರಿಕೊಂಡಿದ್ದಾರೆ’ ಎಂದು ನನ್ನ ಅಕ್ಷರದಲ್ಲಿ ಬರೆದು ಗುರುತು ಹಾಕಿದೆ. ಹುದ್ದೆ ಎಂಬ ಕಡೆ ಖಾಲಿ ಬಿಡಲು ಮನಸ್ಸಾಗಲಿಲ್ಲ. ಕೆಲಸದ ಆದೇಶದ ಮೊದಲ ಪುಟ ತೆಗೆದು ನೋಡಿ, ಅಲ್ಲಿದ್ದದ್ದನ್ನೇ ಬರೆದೆ. ಟ್ರೈನಿ. ಮಿಕ್ಕ ಬಡ್ತಿಗಳು ನಾನು ಕೊಟ್ಟವು. ಅದೊಂದನ್ನು ನೀನೇ ಗಳಿಸಿದ್ದೆ.

ನಿನ್ನ
ಅಮ್ಮ